ಚದುರಂಗದ ಕುದುರೆ ಧಾರವಾಡಕ್ಕೆ ಬಂದಿದ್ದು

ಅಕ್ಕತಂಗಿಯರಿಬ್ಬರು ರಟ್ಟಿನ ಮೇಲೆ ಧಾರವಾಡದ ಬೀದಿಗಳನ್ನು ಮನೆಮನೆಯಾಗಿ ಗೀಚಿ ಹೊಸ ಆಟ ಕಟ್ಟಿದರು. ಮೊದಲು ಸ್ಟೇಷನ್ ಮುಟ್ಟಿದ ಕಾಯಿ ಗೆದ್ದಂತೆ. ಕಾಯಿ ಸಾಲದೆ ಅಂಗಿಯ ಗುಂಡಿಯನ್ನೂ ಹುಣಸೆಬೀಜವನ್ನೂ ಇಳಿಸಿದರು.

ಹಳೆಯ ಚದುರಂಗದ ಕುದುರೆ ಗುಂಡಿಯಿದ್ದ ಮನೆಗೇ ನೆಗೆದು, "ಏಳು, ನಿನ್ನನ್ನು ಹೊಡೆದೆ!" ಎಂದಿತು.

"ಇಲ್ಲಿ ಹೊಡೆಯೋದಿಲ್ರೀ," ಎಂದಿತು ಗುಂಡಿ. "ಒಂದ ಮನ್ಯಾಗ ಇಬ್ಬರು ಸಿಕ್ರ, ಕುಂತು ಚಾ ಕುಡೀಬೇಕು. ಒಂದು ಸರದಿ ಬಿಡಬೇಕು."

"ಯುದ್ಧದ ನಡುವೆ ಚಹಾವೇ?"

"ಯುದ್ಧ ಎಲ್ಲೈತ್ರೀ? ಇದು ನಮ್ಮೂರು. ಕೂಡ್ರಿ."

ಕುದುರೆ ಸಿಡುಕುತ್ತಲೇ ಕೂತಿತು. ಹುಟ್ಟಿದಾಗಿನಿಂದ ಅದು ಯಾರ ಜೊತೆಗೂ ಒಂದು ಮನೆಯನ್ನು ಹಂಚಿಕೊಂಡಿರಲಿಲ್ಲ.

ಮತ್ತೆ ಅದರ ಸರದಿ ಬಂದಾಗ ಸ್ಟೇಷನ್ ಒಂದೇ ನೆಗೆತದ ದೂರದಲ್ಲಿತ್ತು. ಕುದುರೆ ಅತ್ತ ನೋಡಿತು. ಆಮೇಲೆ ಹಿಂದೆ ತಿರುಗಿ, ಮೂಲೆಯಲ್ಲಿ ಒಂಟಿಯಾಗಿದ್ದ ಹುಣಸೆಬೀಜದ ಮನೆಗೆ ನೆಗೆದು ಕೇಳಿತು: "ಚಾ ಆತೇನ್ರೀ?"