ಹೊಳೆಗಿಳಿದ ಲಾರಿ

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠವಿತ್ತು. ಅಲ್ಲಿ ಪರಪ್ಪಜ್ಜ ಎಂಬ ಗುರುಗಳಿದ್ದರು. ಮಠದ ಅಂಗಳದಲ್ಲಿ, ಸೈನ್ಯದವರು ಕೆಲಸ ಮುಗಿಯಿತೆಂದು ಹರಾಜು ಹಾಕಿದ್ದ ಒಂದು ಹಳೆಯ ಲಾರಿಯಿತ್ತು.

ಎತ್ತರದ ಲಾರಿ. ಎಲ್ಲ ಗಾಲಿಗಳಿಗೂ ಎಂಜಿನ್ನಿನ ಬಲ ಹರಿಯುವಂಥದ್ದು. ಆಚೆ ದಂಡೆಯ ಕುರಿಗಾಹಿಗಳ ಹಟ್ಟಿಗೆ ಮಳೆಗಾಲದಲ್ಲಿ ಜೋಳ, ಔಷಧ ಹೊತ್ತು ಹೊಳೆ ಹಾಯಬಲ್ಲ ಗಾಡಿ ಆ ಸೀಮೆಗೆ ಅದೊಂದೇ.

ವರ್ಷಾನುಗಟ್ಟಲೆ ಅಜ್ಜನೇ ಅದನ್ನು ಓಡಿಸಿದ್ದರು. ಈಗ ಅವರ ಕಣ್ಣು ಮಂಜಾಗಿತ್ತು.

ದಾನಮ್ಮ ಮಠಕ್ಕೆ ಬಂದದ್ದು ಧ್ಯಾನ ಕಲಿಯಲೆಂದು. ಗದಗಿನಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದ ಹೆಂಗಸು. ಗಂಡ ತೀರಿಕೊಂಡ ಮೇಲೆ ಮನಸ್ಸು ಒಂದು ಕಡೆ ನಿಲ್ಲದೆ ಹೊರಟು ಬಂದಿದ್ದಳು.

"ಅಜ್ಜಾರ, ಮನಸ್ಸು ನಿಲ್ಲಿಸೋದು ಕಲಿಸ್ರಿ" ಎಂದಳು.

ಅಜ್ಜ ಅವಳ ಕೈಗೆ ಗ್ರೀಸಿನ ಡಬ್ಬಿ ಕೊಟ್ಟರು.

"ಮೊದಲ ಇದನ್ನ ಓಡಸೋದು ಕಲಿ."

ದಾನಮ್ಮ ಕಲಿತಳು. ಬಲವಾದ ಕ್ಲಚ್ಚಿನ ಮೇಲೆ ಇಡೀ ಮೈಭಾರ ಹಾಕಿ ನಿಂತು ಗಿಯರ್ ಬದಲಿಸಿದಳು. ಉಗುರ ಸಂದಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗದಾಯಿತು. ಮನಸ್ಸು ಮಾತ್ರ ಮೊದಲಿನಂತೆಯೇ ಅಲೆಯುತ್ತಿತ್ತು.

ಗಾಡಿ ಹೊರಗೆ ಹೋಗಿ ಬಂದಾಗಲೆಲ್ಲ ಅಜ್ಜ ಅದರ ಸುತ್ತ ಬಂದು, ಒಂದೊಂದು ಗಾಲಿಯ ನಡುವಿನ ಗುಂಬಕ್ಕೂ ಅಂಗೈ ಇಡುತ್ತಿದ್ದರು.

"ಏನು ನೋಡ್ತೀರಿ, ಅಜ್ಜಾರ?"

"ಜ್ವರ."

ಅವಳೂ ಕೈಯಿಟ್ಟಳು. ಒಂದು ಗಾಲಿ ಉಳಿದವುಗಳಿಗಿಂತ ಬಿಸಿಯಾಗಿತ್ತು. ಬಿಚ್ಚಿ ನೋಡಿದರೆ ಬ್ರೇಕು ಒಳಗೊಳಗೇ ಹಿಡಿದುಕೊಂಡಿತ್ತು. ಅಂದು ಅವಳು ಅಜ್ಜನ ಅಂಗೈಯನ್ನೇ ಬಹಳ ಹೊತ್ತು ನೋಡಿದಳು.

ಮಳೆಗಾಲ ಶುರುವಾಗಿ, ಮೊದಲ ಸಲ ಹೊಳೆ ಹಾಯ್ದು ಬಂದ ಸಂಜೆ ಮಠದಲ್ಲಿ ಪ್ರವಚನವಿತ್ತು.

"ಹಿಂದಿನ ಅಚ್ಚಿನೊಳಗ ನೀರು ಹೊಕ್ಕೇತೇನು, ನೋಡಿದೇನ?" ಎಂದು ಅಜ್ಜ ಕೇಳಿದರು.

ಎರಡು ಗಾಲಿಗಳನ್ನು ಜೋಡಿಸುವ ಅಚ್ಚಿನ ನಡುವೆ ಗಿಯರುಗಳ ದೊಡ್ಡ ಗುಂಡು ಡಬ್ಬಿ. ಅದರ ತಳದಲ್ಲೊಂದು ಬೂಚು. ಬೂಚು ತುಸು ಸಡಿಲಿಸಿದರೆ ಎಣ್ಣೆ ಬರುತ್ತದೋ ನೀರು ಬರುತ್ತದೋ ತಿಳಿಯುತ್ತದೆ. ಆದರೆ ಅದಕ್ಕೆ ಕೆಸರಿನಲ್ಲಿ ಮಲಗಿ ತೆವಳಬೇಕು. ದಾನಮ್ಮ ಆಗಲೇ ಮಿಂದು ಮಡಿಸೀರೆ ಉಟ್ಟಿದ್ದಳು.

"ನೋಡೀನ್ರಿ. ಏನೂ ಇಲ್ಲ" ಎಂದಳು.

ಅಂದಿನ ಪ್ರವಚನದ ಒಂದು ಮಾತೂ ಅವಳ ಕಿವಿಗೆ ಬೀಳಲಿಲ್ಲ.

ಕೆಲವು ವಾರ ಕಳೆದ ಮೇಲೆ ಲಾರಿಯ ಹಿಂಭಾಗ ನರಳತೊಡಗಿತು. ಬೂಚು ತೆಗೆದಾಗ ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗೆ ಸುರಿಯಿತು.

ದಾನಮ್ಮ ಲಾರಿಯಡಿಯಿಂದ ಹೊರಗೆ ಬಂದು ನಿಂತಳು.

"ಅಜ್ಜಾರ, ಅವತ್ತು ನಾ ನೋಡಿದ್ದಿಲ್ರಿ."

"ನೋಡೀನಿ ಅಂದಿ. ನಾ ನಂಬಿದೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಇಬ್ಬರೂ ಸೇರಿ ಡಬ್ಬಿ ಬಿಚ್ಚಿದರು. ದಾನಮ್ಮ ಒಳಗಿನ ಜಿಡ್ಡನ್ನು ಅರಿವೆಯಿಂದ ಒರೆಸುತ್ತ ಹೋದವಳು ಹಾಗೇ ನಿಂತುಬಿಟ್ಟಳು.

ದೊಡ್ಡ ಹಲ್ಲುಗಾಲಿಯ ಸುತ್ತ ಬೋಲ್ಟುಗಳ ಸಾಲು. ಒಂದೊಂದರ ತಲೆಗೂ ಸೂಜಿಯ ಕಣ್ಣಿನಂಥ ತೂತು. ಅದರೊಳಗಿಂದ ಎಳೆ ತಂತಿ ಹಾದು, ಜಡೆಯಂತೆ ಹುರಿಗೊಂಡು, ಮುಂದಿನ ಬೋಲ್ಟಿಗೆ ಹೋಗಿತ್ತು. ಒಂದು ಸಡಿಲಾಗಲು ಹೊರಟರೆ ತಂತಿ ಇನ್ನೊಂದನ್ನು ಬಿಗಿಯುವ ಹಾಗೆ ಹೆಣೆದಿದ್ದರು. ಎಲ್ಲಿಯೂ ಒಂದು ಸುತ್ತು ಹೆಚ್ಚಿಲ್ಲ, ಒಂದು ಸುತ್ತು ಕಡಿಮೆಯಿಲ್ಲ.

ಇಷ್ಟು ವರ್ಷ ಹೊಲಿಗೆ ಹೇಳಿಕೊಟ್ಟವಳು, ಅಂಥ ಕೈಕೆಲಸ ಕಂಡಿರಲಿಲ್ಲ.

"ಯಾರು ಮಾಡ್ಯಾರ್ರಿ ಇದನ್ನ?"

ಅಜ್ಜ ತಂತಿಯ ಮೇಲೆ ಬೆರಳಾಡಿಸಿದರು.

"ಯಾವನೋ ಸಿಪಾಯಿ. ಯಾವ ಹಿಮದ ಗುಡ್ಡದಾಗೋ, ಯಾವ ಮರಳಿನಾಗೋ."

"ಹೆಸರು?"

"ಬರದಿಲ್ಲ."

ತನಗೆ ತಿಳಿಯದಂತೆಯೇ ದಾನಮ್ಮನ ಜಿಡ್ಡುಗೈಗಳು ಜೋಡಿಕೊಂಡವು.

ತುಕ್ಕು ತಿಂದ ಬೇರಿಂಗ್ ಬದಲಿಸಲು ಆ ಹಲ್ಲುಗಾಲಿಯನ್ನು ಬಿಚ್ಚಲೇಬೇಕಿತ್ತು. ಅಜ್ಜ ಪಕ್ಕಡ ಮುಂದೆ ಚಾಚಿದರು. ಆ ತಂತಿಯನ್ನು ಕತ್ತರಿಸುವಾಗ ಅವಳಿಗೆ ಅಳು ಬಂತು.

ಬೇರಿಂಗ್ ಕೂಡಿಸಿ, ಬೋಲ್ಟು ಬಿಗಿದು, ಹೊಸ ತಂತಿ ಹೆಣೆದಳು. ಅಜ್ಜ ಬೆರಳಿನಿಂದ ಸುತ್ತಲೂ ಮುಟ್ಟಿ ನೋಡಿ ಅದನ್ನು ಕತ್ತರಿಸಿ ಹಾಕಿದರು.

ಮತ್ತೆ ಹೆಣೆದಳು. ಮತ್ತೆ ಕತ್ತರಿಸಿದರು.

"ಗಟ್ಟಿ ಐತಲ್ರಿ, ಅಜ್ಜಾರ. ಒಳಗ ಎಣ್ಣಿಯಾಗ ಮುಳಗಿ ಹೋಗೂದು. ಯಾರು ನೋಡ್ತಾರ ಇದನ್ನ?"

"ಅವಂದು ನೀ ನೋಡಿದಿಯಲ್ಲ."

ದಾನಮ್ಮ ಹೊಸ ತಂತಿ ತೆಗೆದುಕೊಂಡು ಕುಳಿತಳು. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತು. ಊಟದ ಗಂಟೆ ಹೊಡೆದದ್ದು ಅವಳಿಗೆ ಕೇಳಿಸಲಿಲ್ಲ. ಹೆಸರಿಲ್ಲದ ಆ ಸಿಪಾಯಿ ಎಲ್ಲೋ ಹತ್ತಿರ ಕೂತು, ತನ್ನ ಕೈಯನ್ನೇ ನೋಡುತ್ತಿದ್ದಾನೆ ಅನ್ನಿಸುತ್ತಿತ್ತು.

ಈ ಸಲ ಅಜ್ಜನ ಬೆರಳು ಸುತ್ತು ಬಂದು ನಿಂತಿತು. ಅವರು ಡಬ್ಬಿಯ ಮುಚ್ಚಳ ಎತ್ತಿ ಅವಳ ಕೈಗೆ ಕೊಟ್ಟರು.

"ಮುಚ್ಚು."

ಶ್ರಾವಣದ ಒಂದು ಬೆಳಗ್ಗೆ, ಮೇಲೆಲ್ಲೋ ಸುರಿದ ಮಳೆಗೆ ಹೊಳೆ ಏರಿತು. ಹಟ್ಟಿಯ ಹಿಂದಿನ ಹಳ್ಳವೂ ಉಕ್ಕಿ, ಕುರಿಗಾಹಿಗಳು ನಡುವೆ ಸಿಕ್ಕಿಬಿದ್ದರು. ಹಟ್ಟಿಯ ಹಿರಿಯ ಬೀರಪ್ಪ ದಿಬ್ಬದ ಮೇಲೆ ನಿಂತು ಕಂಬಳಿ ಬೀಸುತ್ತಿದ್ದುದು ಮಠದ ಅಂಗಳಕ್ಕೆ ಕಾಣಿಸಿತು.

"ಹಾಯಲಾಕ ಆಗ್ತೇತೇನ್ರಿ, ಅಜ್ಜಾರ?"

"ಹೊಳಿಯೊಳಗಿನ ಬಸವಣ್ಣನ ಕಟ್ಟಿ ಕಾಣ್ತೇತೇನು?"

"ಮ್ಯಾಲಿನ ಅಂಚು ಕಾಣ್ತೇತ್ರಿ."

"ಅದು ಕಾಣೂತನಕ ಹೋಗಬಹುದು."

ದಾನಮ್ಮ ಎಂಜಿನ್ನಿನ ಫ್ಯಾನ್ ನೀರು ಚಿಮ್ಮದಿರಲೆಂದು ಅದರ ಬೆಲ್ಟು ಬಿಚ್ಚಿದಳು. ಲಾರಿಯ ಮೂತಿಗೆ ತಾಡಪತ್ರಿ ಕಟ್ಟಿದಳು. ಅಜ್ಜ ಪಕ್ಕದಲ್ಲಿ ಹತ್ತಿ ಕುಳಿತರು.

"ನಡುವ ನಿಲ್ಲಬ್ಯಾಡ. ಅವಸರಾನೂ ಮಾಡಬ್ಯಾಡ" ಎಂದರು.

ಲಾರಿ ಹೊಳೆಗಿಳಿಯಿತು. ನೀರು ಗಾಲಿ ಮುಳುಗಿಸಿತು, ಬಾಗಿಲ ಸಂದಿಯಿಂದ ಒಳಗೆ ಬಂದು ಅವಳ ಪಾದ ತೋಯಿಸಿತು. ಮುಂದೆ ಕೆಂಪು ನೀರು ಬಾನೆಟ್ಟಿನ ಎತ್ತರಕ್ಕೆ ಏಳುತ್ತ ಬೀಳುತ್ತ ಸಾಗಿತು. ದಾರಿಯಿಲ್ಲ, ದಂಡೆಯಿಲ್ಲ, ಎಲ್ಲವೂ ಹರಿಯುತ್ತಿತ್ತು.

"ಅಜ್ಜಾರ, ನನಗೇನೂ ಕಾಣವಲ್ದು."

"ನನಗೂ ಕಾಣೂದಿಲ್ಲ. ಕೈಗೆ ಏನು ಬರ್ತೇತಿ?"

ಅವಳು ಸ್ಟಿಯರಿಂಗ್ ಮೇಲಿನ ತನ್ನ ಕೈಗಳ ಕಡೆ ಗಮನ ಕೊಟ್ಟಳು.

ಮರಳು ಬಂತು, ಮೆತ್ತಗೆ. ಆಮೇಲೆ ಕಲ್ಲು, ಒಂದರ ಹಿಂದೊಂದು, ತನ್ನದೇ ಬರಿಗಾಲಿನ ಕೆಳಗೆ ಹೊರಳಿದಂತೆ. ಎಂಜಿನ್ನಿನ ಮಿಡಿತ ಬೆನ್ನುಹುರಿಯೊಳಗಿಂದಲೇ ಏಳುತ್ತಿತ್ತು. ನೀರು ಗಾಡಿಯನ್ನು ಎಡಕ್ಕೆ ತಳ್ಳಿದಾಗ, ಅವಳು ಯೋಚಿಸುವ ಮುಂಚೆಯೇ ಕೈ ಬಲಕ್ಕೆ ವಾಲಿತು. ಕಬ್ಬಿಣ ಎಲ್ಲಿ ಮುಗಿಯಿತು, ತಾನು ಎಲ್ಲಿ ಶುರುವಾದೆ, ಹೊಳೆ ಯಾವುದು ಎಂದು ಅವಳಿಗೆ ಹೇಳಲಾಗುತ್ತಿರಲಿಲ್ಲ. ಹೆದರಿಕೆಯನ್ನು ಹುಡುಕಿದಳು. ಅದೂ ಇರಲಿಲ್ಲ.

ಲಾರಿ ಆಚೆ ದಂಡೆ ಹತ್ತಿತು.

ಮುದುಕರು, ಬಾಣಂತಿಯರು, ಕೂಸುಗಳು ಹಿಂದೆ ಹತ್ತಿದರು. ಗಟ್ಟಿಮುಟ್ಟಾದವರು ಕುರಿಗಳೊಂದಿಗೆ ಉಳಿದರು. ಲಾರಿ ಮತ್ತೆ ಹೊಳೆಗಿಳಿದು, ಬಂದ ದಾರಿಯಲ್ಲೇ ಮೆಲ್ಲಗೆ ಮರಳಿತು.

ಮಠದ ದಂಡೆಯಲ್ಲಿ ಜನ ಇಳಿದರು. ಬೀರಪ್ಪ ನೀರಿಳಿಯುತ್ತಿದ್ದ ಗಾಲಿಯನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡ. ಕೂಸೊಂದು ಅಳುತ್ತಿತ್ತು.

ದಾನಮ್ಮ ಇಳಿಯಲಿಲ್ಲ. ಎಂಜಿನ್ ನಡೆದೇ ಇತ್ತು. ಅವಳ ಕಣ್ಣಿನಿಂದ ನೀರು ತಾನಾಗಿ ಇಳಿಯುತ್ತಿತ್ತು.

"ಅಜ್ಜಾರ," ಎಂದಳು, "ನಡು ಹೊಳಿಯಾಗ ನಾ ಇದ್ದಿದ್ದಿಲ್ರಿ. ಹುಡಕಿದ್ರೂ ಸಿಗಲಿಲ್ಲ. ಮತ್ತ ಈ ಗಾಡಿ ಹೊಡದಾವರು ಯಾರು?"

ಅಜ್ಜ ಮಂಜುಗಣ್ಣನ್ನು ಹೊಳೆಯ ಕಡೆ ತಿರುಗಿಸಿ, ಆಚೆಯಿಂದ ಬರುತ್ತಿದ್ದ ಕೂಗಿಗೆ ಕಿವಿಗೊಟ್ಟರು.

"ಗಾಡಿ ತಿರುಗಿಸು, ತಂಗಿ. ಆ ದಂಡ್ಯಾಗ ಇನ್ನೂ ಮಂದಿ ನಿಂತಾರ."