ಪಶುವೈದ್ಯನ ತಣ್ಣನೆಯ ಕೈ

"ಬುದ್ಧಿ, ನನ್ನ ಮಾತಿನಲ್ಲಿ ಮೊದಲಿದ್ದ ಕಾವು ಎಲ್ಲಿ ಹೋಯಿತು?" ಎಂದು ಗುರುಸಿದ್ಧ ಮಠದ ಸ್ವಾಮಿಗಳನ್ನು ಕೇಳಿದ.

ಗುರುಸಿದ್ಧ ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಎಂಟು ವರ್ಷ ಅವನು ದಾಸೋಹದಲ್ಲಿ ಬಡಿಸಿದ, ಉಂಡವರ ಎಲೆ ಎತ್ತಿದ, ಸಂಜೆ ಹೊತ್ತು ಜನರ ನಡುವೆ ಕುಳಿತು ನಾಲ್ಕು ಮಾತಾಡಿದ. ಆ ನಾಲ್ಕು ಮಾತಿಗಾಗಿಯೇ ಸುತ್ತಲ ಹಳ್ಳಿಗಳವರು ಬರತೊಡಗಿದರು. ಆಗ ಮಠದವರು ಅವನಿಗೆ ಶಾಲು ಹೊದಿಸಿ ವೇದಿಕೆಯ ಮೇಲೆ ಕೂರಿಸಿದರು.

"ಮೈಕು ಬದಲಾಯಿಸಿದೆ, ಬುದ್ಧಿ. ಹೊಸ ಪುಸ್ತಕ ಓದಿದೆ. ಒಪ್ಪೊತ್ತು ಮಾಡಿದೆ. ಜನ ಚಪ್ಪಾಳೆ ತಟ್ಟುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಯಾರ ಎದೆಗೂ ತಾಗುತ್ತಿಲ್ಲ ಎಂದು ನನಗೆ ಗೊತ್ತಾಗುತ್ತದೆ. ಹೀಗೇ ಆದರೆ ಪ್ರವಚನವನ್ನೇ ಬಿಟ್ಟುಬಿಡುತ್ತೇನೆ."

ಸ್ವಾಮಿಗಳು ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. "ಬಿಡುವುದಕ್ಕೇನು, ಈಗಲೇ ಬಿಡಬಹುದು. ಮೊದಲು ಕುಳಿತುಕೋ" ಎಂದು ಒಂದು ಬೊಗಸೆ ಕಾಯಿಯನ್ನು ಅವನ ಮುಂದೆ ಸುರಿದು ಕತೆ ಹೇಳಿದರು.

ಬೆಟ್ಟದ ಮೇಲೆ ಒಬ್ಬ ಪಶುವೈದ್ಯನಿದ್ದ. ಸುತ್ತಲ ಹದಿನಾಲ್ಕು ಹಳ್ಳಿಗಳಿಗೆ ಅವನೊಬ್ಬನೇ ಗತಿ. ಅವನಿಗೆ ಗತಿ ಇಪ್ಪತ್ತೆರಡು ವರ್ಷ ಹಳೆಯ ಒಂದು ಮೋಟಾರ್ ಸೈಕಲ್.

ಚಳಿಗಾಲದಲ್ಲಿ ಆ ಬೆಟ್ಟದ ಬೆಳಗಿನ ಗಾಳಿ ಬೆರಳನ್ನು ಕಚ್ಚುತ್ತದೆ. ಕೈಗವಸು ಹಾಕಿದರೂ ಬಿಡುವುದಿಲ್ಲ. ಆದ್ದರಿಂದ ವೈದ್ಯ ತನ್ನ ಗಾಡಿಯ ಹ್ಯಾಂಡಲ್ಲಿಗೆ ಬಿಸಿ ಗ್ರಿಪ್ ಹಾಕಿಸಿಕೊಂಡಿದ್ದ. ಗ್ರಿಪ್ಪಿನ ರಬ್ಬರಿನೊಳಗೆ ಸಣ್ಣ ತಂತಿ ಸುತ್ತಿರುತ್ತದೆ. ಸ್ವಿಚ್ ಒತ್ತಿದರೆ ಬ್ಯಾಟರಿಯ ಕರೆಂಟು ಅದರಲ್ಲಿ ಹರಿದು ಹಿಡಿದ ಕೈ ಬೆಚ್ಚಗಾಗುತ್ತದೆ. ಸ್ವಿಚ್ಚಿನ ಪಕ್ಕದಲ್ಲಿ ಒಂದು ಪುಟ್ಟ ಕೆಂಪು ದೀಪವೂ ಇತ್ತು.

ಶೋಕಿಗೆ ಹಾಕಿಸಿದ್ದು ಎಂದುಕೊಳ್ಳಬೇಡ. ಹಸು ಕರು ಹಾಕಲಾರದೆ ಒದ್ದಾಡುವಾಗ ವೈದ್ಯನಿಗೆ ಕೈಯೇ ಕಣ್ಣು. ಒಳಗೆ ಸಿಕ್ಕಿದ್ದು ಮುಂಗಾಲೋ ಹಿಂಗಾಲೋ ಎಂಬುದನ್ನು ಬೆರಳೇ ಹೇಳಬೇಕು. ಮರಗಟ್ಟಿದ ಬೆರಳು ಏನನ್ನೂ ಹೇಳುವುದಿಲ್ಲ.

ಆ ವರ್ಷ ಚಳಿ ಹಿಡಿದ ಮೊದಲ ದಿನ ವೈದ್ಯ ಸ್ವಿಚ್ ಒತ್ತಿದ. ಕೆಂಪು ದೀಪ ಹತ್ತಿತು. ಗ್ರಿಪ್ ತಣ್ಣಗೇ ಇತ್ತು.

ಬೆಟ್ಟದ ಆಚೆ ಮಗ್ಗುಲಲ್ಲಿ ಒಬ್ಬ ಹೆಂಗಸಿದ್ದಳು. ಎರಡು ಹಸುಗಳೇ ಅವಳ ಬದುಕು. ಒಂದು ಮುಂಜಾನೆ ದೊಡ್ಡ ಹಸುವಿಗೆ ಹೆರಿಗೆ ಕಷ್ಟವಾಗಿ ಅವಳು ಫೋನ್ ಮಾಡಿದಳು. ವೈದ್ಯ ಹದಿನೆಂಟು ಕಿಲೋಮೀಟರ್ ಬಂದ. ಬಿಸಿನೀರಿನಲ್ಲಿ ಕೈ ಅದ್ದಿದ. ಆದರೂ ಬೆರಳಿಗೆ ಜೀವ ಬರಲಿಲ್ಲ. ಹಿಂಗಾಲನ್ನು ಮುಂಗಾಲೆಂದು ತಿಳಿದು ತಡಕಾಡಿದ. ತಪ್ಪು ತಿಳಿಯುವಷ್ಟರಲ್ಲಿ ಕರು ಒಳಗೇ ಸತ್ತಿತ್ತು. ಹೆಂಗಸು ಬೈಯದೆ ಅವನ ಕೈಗೆ ನೀರು ಹೊಯ್ದಳು. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವಳ ಇನ್ನೊಂದು ಹಸು ಪುಷ್ಯದಲ್ಲಿ ಕರು ಹಾಕಬೇಕಿತ್ತು. ಅಷ್ಟರೊಳಗೆ ಗ್ರಿಪ್ ಸರಿಮಾಡಿಯೇ ಸಿದ್ಧ ಎಂದು ವೈದ್ಯ ಹಟ ಹಿಡಿದ. ಫ್ಯೂಸ್ ತೆಗೆದು ನೋಡಿದ, ಚೆನ್ನಾಗಿತ್ತು. ಆದರೂ ಹೊಸದು ಹಾಕಿದ. ಬ್ಯಾಟರಿ ಬದಲಾಯಿಸಿದ. ಸ್ವಿಚ್ ಬದಲಾಯಿಸಿದ. ಕೊನೆಗೆ ದೂರದ ನಗರದಿಂದ ಹೊಸ ಗ್ರಿಪ್ಪುಗಳನ್ನೇ ತರಿಸಿ ಹಳೆಯ ತಂತಿಗಳಿಗೇ ಜೋಡಿಸಿದ. ಅವೂ ತಣ್ಣಗೇ ಕುಳಿತವು. ಕೆಂಪು ದೀಪ ಮಾತ್ರ ಪ್ರತಿಸಲವೂ ಹತ್ತಿ ಅವನ ಹೊಟ್ಟೆ ಉರಿಸುತ್ತಿತ್ತು. ದೀಪ ಹತ್ತುತ್ತದಲ್ಲ, ಹಾಗಾದರೆ ಕರೆಂಟಿನ ದಾರಿ ಸರಿಯಾಗಿಯೇ ಇದೆ, ಕೆಟ್ಟಿರುವುದು ಬೇರೆ ಏನೋ ಎಂದುಕೊಂಡು ಅವನು ಆ ಬೇರೆ ಏನನ್ನೋ ಹುಡುಕುತ್ತಲೇ ಇದ್ದ. ಪೇಟೆಯ ಮೆಕ್ಯಾನಿಕ್ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಇದಕ್ಕೆ ವಯಸ್ಸಾಯಿತು, ಗುಜರಿಗೆ ಹಾಕಿ ಎಂದುಬಿಟ್ಟ. ಹಳೆಯದೆಲ್ಲಕ್ಕೂ ವಯಸ್ಸನ್ನೇ ದೂರುವುದು ತಲೆ ಕೆಡಿಸಿಕೊಳ್ಳಲು ಇಷ್ಟವಿಲ್ಲದವರ ರೂಢಿ.

ಪುಷ್ಯ ಹತ್ತಿರವಾಯಿತು. ವೈದ್ಯ ಗಬ್ಬದ ಹಸುವನ್ನು ನೋಡಲು ಹೋದ. ಗಾಡಿ ಇಳಿದು ಬಾಯಿಂದ ಕೈಗೆ ಉಸಿರೂದಿಕೊಳ್ಳುತ್ತ ಗ್ರಿಪ್ಪಿನ ಪಾಡನ್ನೆಲ್ಲ ಹೇಳಿದ. ಹೆಂಗಸು ಅವನ ಕೈಯನ್ನೂ ಗಾಡಿಯನ್ನೂ ನೋಡಿದಳು.

"ಅಲ್ಲಾ ಡಾಕ್ಟ್ರೇ, ಇದು ಯಾವತ್ತಿಂದ ಹಿಂಗಾಯ್ತು? ನಮ್ಮ ಹಸುಗೆ ಏನೇ ಆದ್ರೂ ನೀವು ಮೊದ್ಲು ಕೇಳೋದು ಇದೇ ಅಲ್ವಾ? ನಿಮ್ಮ ಗಾಡಿಗೆ ಕೇಳಿದ್ರಾ?"

ವೈದ್ಯ ಬೆಪ್ಪಾದ. "ಆಯುಧಪೂಜೆ ಕಳೆದ ಮೇಲೆ ಕಣಮ್ಮ" ಎಂದ.

"ಪೂಜೆಗೆ ಏನ್ ಮಾಡಿದ್ರಿ?"

"ಕೆಟ್ಟದ್ದೇನೂ ಮಾಡಿಲ್ಲ. ತೊಳೆದೆ, ಹೊಸದಾಗಿ ಬಣ್ಣ ಹೊಡೆಸಿದೆ, ಹೂವು ಹಾಕಿದೆ. ಇಷ್ಟು ವರ್ಷ ದುಡಿದ ಗಾಡಿ, ಒಂದು ಸಲನಾದ್ರೂ ಮದುವಣಿಗನ ಥರ ಕಾಣಲಿ ಅಂತ."

"ಕೆಟ್ಟದ್ದು ಮಾಡಿದ್ರೆ ಅವತ್ತೇ ನೋಡ್ತಿದ್ರಿ. ಒಳ್ಳೇದು ಮಾಡಿದೀರಲ್ಲ, ಅದ್ಕೇ ಆ ಕಡೆ ತಿರುಗೇ ನೋಡಿಲ್ಲ."

ವೈದ್ಯ ಮನೆಗೆ ಬಂದವನೇ ಪೆಟ್ರೋಲ್ ಟ್ಯಾಂಕ್ ಬಿಚ್ಚಿದ. ಗ್ರಿಪ್ಪಿನಿಂದ ಬಂದ ಕಪ್ಪು ತಂತಿಯನ್ನು ಟ್ಯಾಂಕಿನ ಕೆಳಗೆ, ಗಾಡಿಯ ಕಬ್ಬಿಣದ ಚೌಕಟ್ಟಾದ ಚಾಸಿಗೆ ಬೋಲ್ಟ್ ಹಾಕಿ ಬಿಗಿದಿತ್ತು. ಬಣ್ಣದವನು ಪೂಜೆಗೆ ಮುಂಚೆ ಅದನ್ನು ಬಿಚ್ಚಿ, ಚಾಸಿಗೆಲ್ಲ ದಪ್ಪಗೆ ನೀಲಿ ಬಣ್ಣ ಹೊಡೆದು, ಆ ಬಣ್ಣದ ಮೇಲೆಯೇ ತಂತಿಯನ್ನು ಮತ್ತೆ ಕೂರಿಸಿದ್ದ.

ಕರೆಂಟು ಗ್ರಿಪ್ಪಿಗೆ ಹೋದರೆ ಸಾಲದು, ಬ್ಯಾಟರಿಗೆ ಮರಳಬೇಕು. ಅದು ಮರಳುವ ದಾರಿ ಚಾಸಿಯ ಕಬ್ಬಿಣ. ಕಪ್ಪು ತಂತಿ ಆ ಕಬ್ಬಿಣವನ್ನು ಮುಟ್ಟಬೇಕು. ಈಗ ಅದು ಬಣ್ಣವನ್ನು ಮುಟ್ಟಿಕೊಂಡು ಕುಳಿತಿತ್ತು. ಬೋಲ್ಟಿನ ಸಂದಿಯಲ್ಲಿ ಹೇಗೋ ನುಸುಳುತ್ತಿದ್ದ ಚೂರು ಕರೆಂಟು ಕೆಂಪು ದೀಪಕ್ಕೆ ಸಾಕಾಗುತ್ತಿತ್ತು. ಬಿಸಿಯಾಗಲು ಸಾಕಾಗುತ್ತಿರಲಿಲ್ಲ.

ವೈದ್ಯ ಒಂದು ತುಂಡು ತಂತಿ ತೆಗೆದುಕೊಂಡು ಗ್ರಿಪ್ಪಿನ ಕಪ್ಪು ತಂತಿಯಿಂದ ನೇರವಾಗಿ ಬ್ಯಾಟರಿಗೆ ಹಿಡಿದ. ಇನ್ನೊಂದು ಕೈಯಿಂದ ಗ್ರಿಪ್ ಹಿಡಿದು ಕಾದ. ಒಂದು ನಿಮಿಷ ಕಳೆಯಿತು. ಎರಡು ನಿಮಿಷ ಕಳೆಯಿತು. ಅಂಗೈಗೆ ಕಾವು ತಾಗಿತು. ಅವನು ಒಬ್ಬನೇ ಇದ್ದರೂ ಜೋರಾಗಿ ಕೂಗಿಬಿಟ್ಟ. ಒಳಗಿದ್ದ ಹೆಂಡತಿ ಶಾಕ್ ಹೊಡೆಯಿತೆಂದು ಓಡಿ ಬಂದಳು.

ಆಮೇಲೆ ಅವನು ಚಾಕು ತಂದ. ಕಪ್ಪು ತಂತಿ ಕೂರುವ ಜಾಗದಲ್ಲಿ, ಒಂದು ಅಂಗಿ ಗುಂಡಿಯಷ್ಟು ಅಗಲಕ್ಕೆ, ಫಳಫಳ ಹೊಳೆಯುತ್ತಿದ್ದ ಬಣ್ಣವನ್ನು ಕೆರೆದ. ಆಸೆಪಟ್ಟು ಹೊಡೆಸಿದ ಬಣ್ಣ, ಮೊದಲ ಗೀರಿಗೆ ಕೈ ಹಿಂದೆಗೆಯಿತು. ಸತ್ತ ಕರು ನೆನಪಾಯಿತು. ಬರಿ ಕಬ್ಬಿಣ ಕಾಣುವವರೆಗೂ ಕೆರೆದು, ಅದರ ಮೇಲೆ ತಂತಿ ಕೂರಿಸಿ ಬಿಗಿದ.

ನಾಲ್ಕನೆಯ ದಿನ ಬೆಳಗ್ಗೆಯೇ ಫೋನ್ ಬಂತು. ವೈದ್ಯ ಹೊರಟ. ರಸ್ತೆಯ ಪಕ್ಕದ ಹುಲ್ಲೆಲ್ಲ ಇಬ್ಬನಿಯಿಂದ ಬೆಳ್ಳಗಾಗಿತ್ತು. ಮೂಗು ಉರಿಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಕೈ ಮಾತ್ರ ಬೆಚ್ಚಗಿತ್ತು. ಅವನು ಗಾಡಿ ಇಳಿದವನೇ ಕೈ ತೊಳೆದು ಹಸುವಿನ ಹಿಂದೆ ಮಂಡಿಯೂರಿದ. ಹೆಂಗಸು ಹಸುವಿನ ಕೊರಳು ತಬ್ಬಿ ನಿಂತಳು.

ಬೆರಳು ಒಳಗೆ ಹೋದೊಡನೆ ಹೇಳಿತು, ಇದು ಮುಂಗಾಲು. ಇದು ಇನ್ನೊಂದು ಮುಂಗಾಲು. ತಲೆ ಇರಬೇಕಾದ ಜಾಗದಲ್ಲಿ ತಲೆ ಇರಲಿಲ್ಲ. ಬೆರಳು ಕತ್ತಿನ ಗುಂಟ ಹೋಯಿತು. ಕಿವಿ ಸಿಕ್ಕಿತು. ಕಣ್ಣಿನ ಗುಳಿ ಸಿಕ್ಕಿತು. ಕರುವಿನ ತಲೆ ಪಕ್ಕೆಗೆ ತಿರುಗಿ ಮಡಚಿಕೊಂಡಿತ್ತು. ವೈದ್ಯ ಕರುವನ್ನು ಮೆಲ್ಲನೆ ಹಿಂದಕ್ಕೆ ತಳ್ಳಿ, ದವಡೆಗೆ ಬೆರಳು ಹಾಕಿ, ತಲೆಯನ್ನು ದಾರಿಗೆ ತಂದ. ಬೆರಳಿನ ತುದಿಯನ್ನು ಕರು ಚೀಪಿತು. ಬದುಕಿತ್ತು!

ಹಸು ಒಮ್ಮೆ ತಿಣುಕಿತು. ಅವನು ಎಳೆದ. ಕರು ಹುಲ್ಲಿನ ಮೇಲೆ ಬಿದ್ದು, ಸೀನಿ, ಕಿವಿ ಕೊಡವಿತು. ಹೆಣ್ಣು ಕರು. ಹೆಂಗಸು ಹಸುವನ್ನು ಬಿಟ್ಟು, ಲೋಳೆ ಮೆತ್ತಿದ್ದ ವೈದ್ಯನ ಎರಡು ಕೈಗಳನ್ನೂ ಹಿಡಿದು ಕಣ್ಣಿಗೊತ್ತಿಕೊಂಡಳು. ಕೇರಿಗೆ ಕೇರಿಯೇ ಕೊಟ್ಟಿಗೆಯ ಮುಂದೆ ಸೇರಿತು. ವೈದ್ಯನ ಬಾಯಿಗೆ ಯಾರೋ ಬೆಲ್ಲ ತುರುಕಿದರು. ಅವನು ಬೆಲ್ಲ ತಿನ್ನುತ್ತ ಅಳುತ್ತಿದ್ದ, ನಗುತ್ತಲೂ ಇದ್ದ. ಗಾಡಿಯನ್ನು ಗುಜರಿಗೆ ಹಾಕಿ ಎಂದ ಮೆಕ್ಯಾನಿಕ್ ಆಗ ಅಲ್ಲಿರಬೇಕಿತ್ತು.

ಕತೆ ಮುಗಿಯಿತು. ಗುರುಸಿದ್ಧನ ಮುಖ ಅರಳಿತ್ತು. "ಕರು ಉಳಿಯಿತಲ್ಲ, ಬುದ್ಧಿ! ಆದರೂ ಎಂಥ ಮನುಷ್ಯ! ಪೂಜೆಯ ದಿನದಿಂದ ಕೆಟ್ಟದ್ದು ಎಂದು ಅಷ್ಟು ದಿನ ಹೊಳೆಯಲೇ ಇಲ್ಲವೇ ಅವನಿಗೆ?" ಎಂದು ನಕ್ಕ.

ಅವನ ಮುಂದೆ ಸುರಿದಿದ್ದ ಅವರೆಕಾಯಿ ಸುರಿದ ಹಾಗೇ ಇತ್ತು. ಅಷ್ಟರಲ್ಲಿ ದಾಸೋಹದ ಗಂಟೆ ಮೊಳಗಿತು. ಸ್ವಾಮಿಗಳು ಏಳುತ್ತ ಅವನ ಶಾಲಿನ ಮೇಲೆ ಬಿದ್ದಿದ್ದ ಒಂದು ಸಿಪ್ಪೆಯನ್ನು ಕೊಡವಿ ಕೇಳಿದರು:

"ಗುರುಸಿದ್ಧ, ನೀನು ಉಂಡವರ ಎಲೆ ಎತ್ತುವುದನ್ನು ಬಿಟ್ಟದ್ದು ಯಾವತ್ತಿನಿಂದ?"