ದೊರೆಸಾನಿಯ ಗುರ್ ಗುರ್

ಹೂಂಗುಟ್ಟುತ್ತೀರಾ? ಹಾಗಾದರೆ ಹೇಳುತ್ತೇನೆ.

ಒಂದು ಶೆಡ್ಡು. ಶೆಡ್ಡಿನಲ್ಲಿ ಒಂದು ಹಳೇ ಕಾರು. ಉದ್ದ ಮೂತಿ, ಬೆಳ್ಳಿ ಕಣ್ಣು, ಮಖಮಲ್ಲಿನ ಸೀಟು. ಭಾರಿ ಗತ್ತು! ಎಲ್ಲರೂ ಅವಳನ್ನು ದೊರೆಸಾನಿ ಅನ್ನುತ್ತಿದ್ದರು. ದಿನಾ ಮಧ್ಯಾಹ್ನ ಮೇಸ್ತ್ರಿ ಜಬ್ಬಾರಣ್ಣ ಅವಳನ್ನು ಒಂದಿಷ್ಟು ಹೊತ್ತು ಚಾಲೂ ಮಾಡಿಡುತ್ತಿದ್ದ. ಗುರ್ ಗುರ್ ಗುರ್. ಆ ಸದ್ದು ಕೇಳಿದರೇನೇ ಬೆಕ್ಕು ಮಸಿಯಕ್ಕನ ಮೂರು ಮರಿಗೂ ನಿದ್ದೆ.

ಒಂದು ದಿನ ಗುರ್ ಗುರ್ ಹೋಯಿತು. ಕಟ ಕಟ ಕಟ ಬಂತು. ಜಬ್ಬಾರಣ್ಣ ಗಡಬಡಿಸಿ ನಿಲ್ಲಿಸಿಬಿಟ್ಟ. ಮರಿಗಳಿಗೆ ನಿದ್ದೆಯಿಲ್ಲ. ಮಿಯಾಂ, ಮಿಯಾಂ, ಮಿಯಾಂ! ಮಸಿಯಕ್ಕ ಕಾರಿನ ಹತ್ತಿರ ಓಡಿದಳು.

"ದೊರೆಸಾನಿ, ದೊರೆಸಾನಿ, ಗುರ್ ಅನ್ನೇ."

"ಅನ್ನಲ್ಲ ಕಣೇ. ಮೈಕೈಯೆಲ್ಲ ಒಣಗಿದೆ. ಎಣ್ಣೆ ಮೇಲೆ ಬರಲಿ."

ಎಣ್ಣೆ ಕಾರಿನ ಹೊಟ್ಟೆಯೊಳಗೆ ತಣ್ಣಗೆ ಕೂತಿತ್ತು.

"ಎಣ್ಣೆಯಣ್ಣ, ದೊರೆಸಾನಿ ಗುರ್ ಅನ್ನಲ್ಲ. ನೀನು ಮೇಲೆ ಹೋಗೋ."

"ಹೋಗಲ್ಲ. ನನ್ನನ್ನ ಸೋಸೋ ಜರಡಿ ದಾರಿ ಬಿಡಲಿ."

"ಜರಡಿಯಮ್ಮ, ಎಣ್ಣೆ ಮೇಲೆ ಹೋಗಲ್ಲ. ದೊರೆಸಾನಿ ಗುರ್ ಅನ್ನಲ್ಲ. ನೀನು ದಾರಿ ಬಿಡೇ."

"ಬಿಡಲ್ಲ. ಮೈ ತುಂಬ ಮಡ್ಡಿ. ಜಬ್ಬಾರಣ್ಣ ತೊಳೆಯಲಿ."

"ಜಬ್ಬಾರಣ್ಣ, ಜರಡಿ ದಾರಿ ಬಿಡಲ್ಲ. ಎಣ್ಣೆ ಮೇಲೆ ಹೋಗಲ್ಲ. ದೊರೆಸಾನಿ ಗುರ್ ಅನ್ನಲ್ಲ. ನೀನು ತೊಳೆಯಣ್ಣ."

"ತೊಳೆಯಲ್ಲ ಕಣಮ್ಮ. ಜರಡಿ ಬಿಚ್ಚಿದರೆ ಸಂದಿಗೆ ಹೊಸ ಚರ್ಮದ ಪ್ಯಾಕಿಂಗ್ ಹಾಕಬೇಕು. ಇಲ್ಲದಿದ್ರೆ ಎಣ್ಣೆಯೆಲ್ಲ ಸೋರಿಹೋಗುತ್ತೆ. ದೊರೆಸಾನೀದು ಯಾವ ಅಂಗಡೀಲೂ ಸಿಗಲ್ಲ. ಚಪ್ಪಲಿ ಹೊಲಿಯೋ ದುರ್ಗಪ್ಪಜ್ಜ ಕತ್ತರಿಸಲಿ."

"ದುರ್ಗಪ್ಪಜ್ಜ, ಜಬ್ಬಾರಣ್ಣ ತೊಳೆಯಲ್ಲ. ಜರಡಿ ದಾರಿ ಬಿಡಲ್ಲ. ಎಣ್ಣೆ ಮೇಲೆ ಹೋಗಲ್ಲ. ದೊರೆಸಾನಿ ಗುರ್ ಅನ್ನಲ್ಲ. ನೀನು ಪ್ಯಾಕಿಂಗ್ ಕತ್ತರಿಸಜ್ಜ."

"ಕತ್ತರಿಸಲ್ಲ ಮಗಾ. ಅಳತೆಗೆ ಅಂತ ಹಳೇದೊಂದು ಇಟ್ಟಿದ್ದೆ. ಇಲಿ ಹೊತ್ಕೊಂಡು ಹೋಯ್ತು. ಅದನ್ನ ಇಸ್ಕೊಂಡು ಬಾ."

ಇಲಿ! ಮಸಿಯಕ್ಕನ ಬಾಯಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ? ಬಂತು. ನುಂಗಿಕೊಂಡಳು. ನೀರನ್ನು, ಇಲಿಯನ್ನಲ್ಲ.

"ಇಲಿಯಮ್ಮ, ಅಜ್ಜ ಕತ್ತರಿಸಲ್ಲ. ಜಬ್ಬಾರಣ್ಣ ತೊಳೆಯಲ್ಲ. ಜರಡಿ ದಾರಿ ಬಿಡಲ್ಲ. ಎಣ್ಣೆ ಮೇಲೆ ಹೋಗಲ್ಲ. ದೊರೆಸಾನಿ ಗುರ್ ಅನ್ನಲ್ಲ. ಹಳೇ ಪ್ಯಾಕಿಂಗ್ ಕೊಡೇ."

"ಕೊಡಲ್ಲ. ನೆಲ ತಣ್ಣಗಿದೆ. ನನ್ನ ಮರಿಗಳು ಅದರ ಮೇಲೇ ಮಲಗೋದು."

ಮಸಿಯಕ್ಕ ಬಿಲದೊಳಗೆ ಇಣುಕಿದಳು. ಐದು ಮರಿ. ಐದೂ ಪಿಳಿಪಿಳಿ ಕಣ್ಣು ಬಿಡುತ್ತಿದ್ದವು.

"ಮಲಗಿಲ್ಲವಲ್ಲೇ?"

"ಎಲ್ಲಿಂದ ಮಲಗುತ್ವೆ? ಗುರ್ ಗುರ್ ಇಲ್ಲವಲ್ಲ."

ಮಸಿಯಕ್ಕ ತಟ್ಟನೆ ತಿರುಗಿದಳು. ಓಡಿಹೋದಳು. ತನ್ನ ಮರಿಗಳ ಹಾಸಿಗೆ, ಮೆತ್ತನೆ ಹತ್ತಿ, ಅದನ್ನೇ ಕಚ್ಚಿಕೊಂಡು ಬಂದಳು. ಬಿಲದ ಬಾಯಲ್ಲಿ ಇಟ್ಟಳು.

ಇಲಿ ಹಳೇ ಪ್ಯಾಕಿಂಗ್ ಕೊಟ್ಟಿತು. ಅಜ್ಜ ಹೊಸದು ಕತ್ತರಿಸಿದ. ಜಬ್ಬಾರಣ್ಣ ಜರಡಿ ತೊಳೆದ, ಪ್ಯಾಕಿಂಗ್ ಹಾಕಿ ಬಿಗಿದ. ಜರಡಿ ದಾರಿ ಬಿಟ್ಟಿತು. ಎಣ್ಣೆ ಮೇಲೆ ಹೋಯಿತು. ದೊರೆಸಾನಿ ಗುರ್ ಗುರ್ ಗುರ್ ಅಂದಳು.

ಬಿಲದಲ್ಲಿ ಐದು ಮರಿ ಹತ್ತಿಯ ಮೇಲೆ ಮಲಗಿದವು. ಮಸಿಯಕ್ಕನ ಮರಿಗಳಿಗೆ ಹಾಸಿಗೆ? ಸೀಟಿಗೆ ಕೂದಲು ಹತ್ತುತ್ತೆ ಅಂತ ದಿನಾ ಬೈಯುತ್ತಿದ್ದ ಜಬ್ಬಾರಣ್ಣ, ಅವತ್ತು ತಾನೇ ಕಾರಿನ ಬಾಗಿಲು ತೆಗೆದ. ಮೂರು ಮರಿ ಮಖಮಲ್ಲಿನ ಮೇಲೆ ಮಲಗಿದವು.

ಯಾಕೆ, ಯಾರೂ ಹೂಂ ಅನ್ನುತ್ತಿಲ್ಲ? ನೀವೂ ಮಲಗಿದಿರಾ? ಸರಿ, ಮಲಗಿ.